ಡೆರಿಕ್ರೋನಿನ ಜ್ಞಾನಸ್ನಾನದ ಪುಸ್ತಕ

1984ರ ಜುಲೈ 9, ಸೋಮವಾರ ಬೆಳಿಗ್ಗೆ 9.40ಕ್ಕೆ ಫಾದರ್ ಕೆಲೆಹರ್ ಡೆರಿಕ್ರೋನ್ ಠಾಣೆಗೆ ಬಂದರು. ಅವರು ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಕುಡಿದು ಗಲಾಟೆ ಮಾಡಿದ ಯಾರನ್ನೋ ಬಿಡಿಸಿಕೊಂಡು ಹೋಗಲು ಎಂದೇ ಅರ್ಥ. ಈ ಸಲ ದೂರು ಅವರದೇ ಆಗಿತ್ತು.

"ಪುಸ್ತಕ ಕಳುವಾಗಿದೆ."

"ಯಾವುದು, ಫಾದರ್?" ಎಂದ ಸಾರ್ಜೆಂಟ್ ಟೂಮಿ.

"ಜ್ಞಾನಸ್ನಾನದ್ದು. 1888ರಿಂದ 96ರವರೆಗಿನದು. ಇನ್ನೊಂದು ಪ್ರತಿ ಎಲ್ಲೂ ಇಲ್ಲ."

ಟೂಮಿ ಠಾಣೆಯ ಡೈರಿಯಲ್ಲಿ ಬರೆದುಕೊಂಡ. ಹುಟ್ಟಿದ ಮಗುವಿಗೆ ಚರ್ಚಿನಲ್ಲಿ ನೀರು ಹಾಕಿ ಹೆಸರಿಟ್ಟಾಗ ಬರೆದಿಡುವ ಪುಸ್ತಕ ಅದು. ಆ ಎಂಟು ವರ್ಷಗಳಲ್ಲಿ ಊರಿನಲ್ಲಿ ಹುಟ್ಟಿದವರಲ್ಲಿ ಅರ್ಧಕ್ಕರ್ಧ ಜನ ಅಮೆರಿಕದ ಬ್ಯೂಟ್ ಊರಿನ ತಾಮ್ರದ ಗಣಿಗಳಿಗೆ ಹೊರಟುಹೋದವರು. ಅವರ ಮೊಮ್ಮಕ್ಕಳು ಬೇಸಿಗೆ ಬಂತೆಂದರೆ ಕ್ಯಾಮೆರಾ ನೇತುಹಾಕಿಕೊಂಡು ಬಂದು, ನಮ್ಮಜ್ಜ ಯಾವ ಮನೆಯವನು ಎಂದು ಕೇಳುತ್ತಾರೆ. ಆ ಪುಸ್ತಕ ಇಲ್ಲದಿದ್ದರೆ ಉತ್ತರವೂ ಇಲ್ಲ.

"ಶನಿವಾರ ಮಾರ್ಲೀನ್ ಬರ್ತಾಳೆ," ಎಂದರು ಫಾದರ್. "ಅಜ್ಜನ ಜ್ಞಾನಸ್ನಾನದ ಪ್ರಮಾಣಪತ್ರ ಬೇಕಂತೆ. ಅದಿದ್ರೆ ಅವಳಿಗೂ ಇಲ್ಲಿನ ಪೌರತ್ವ ಸಿಗುತ್ತೆ. ಪುಸ್ತಕಾನೇ ಇಲ್ಲದೆ ನಾನು ಏನಂತ ಬರೆದುಕೊಡಲಿ?"

"ಫ್ಲೋರಿಯಣ್ಣನ ಮಾರ್ಲೀನಾ?"

"ಅವಳೇ."

ಊರಿಗೆಲ್ಲ ಗೊತ್ತಿದ್ದ ಮಾತು ಅದು. ಫ್ಲೋರಿ ಹ್ಯಾರಿಂಗ್ಟನ್, ಅರವತ್ತಾರು ವರ್ಷದ ಬ್ರಹ್ಮಚಾರಿ. ಅವನ ಚಿಕ್ಕಪ್ಪ ಮರ್ಟಿ 1910ರಲ್ಲಿ ಬ್ಯೂಟ್‌ಗೆ ಹೋದವನು ಒಂದು ಕಾಗದವನ್ನೂ ಹಾಕಲಿಲ್ಲ. ಅರವತ್ತನಾಲ್ಕು ವರ್ಷ ಕಳೆದ ಮೇಲೆ, 'ಪ್ಯಾಟ್ರಿಕ್ ಹ್ಯಾರಿಂಗ್ಟನ್ನನ ಮಗ ಮರ್ಟಿಯ ಮನೆಯವರಿಗೆ' ಎಂಬ ವಿಳಾಸ ಹೊತ್ತು ಮೊಮ್ಮಗಳ ಕಾಗದ ಬಂತು. ಅಂಚೆಯವನು ಅದನ್ನು ಫ್ಲೋರಿಯ ಕೈಗೆ ಕೊಟ್ಟ. ಅಂದಿನಿಂದ ಅವಳು ಪ್ರತಿ ಜುಲೈಯಲ್ಲೂ ಅವನ ಮನೆಗೇ ಬಂದು ಇಳಿಯುತ್ತಾಳೆ. ಅವನಿಗೆ ಬೇರೆ ನೆಂಟರೆಂಬುವರು ಯಾರೂ ಇಲ್ಲ.

10.30ಕ್ಕೆ ಫಾದರ್ ಅವರ ಮನೆಯಲ್ಲಿ ಮಹಜರು ನಡೆಯಿತು. ಕಪಾಟಿನ ಬೀಗ ಮುರಿದಿರಲಿಲ್ಲ. ಪಕ್ಕದಲ್ಲೇ ಇದ್ದ ಬೆಳ್ಳಿಯ ಪೂಜಾಪಾತ್ರೆಯನ್ನು ಕಳ್ಳ ಮುಟ್ಟಿರಲಿಲ್ಲ. ಒಂದು ಪುಸ್ತಕದ ಜಾಗ ಮಾತ್ರ ಖಾಲಿ. ಪೇದೆ ಬ್ರೆಡಾ ಕುಸಾಕ್ ಮನೆ ನೋಡಿಕೊಳ್ಳುವ ಹನ್ನಾಳನ್ನು ವಿಚಾರಿಸಿದಳು.

"ಬೀಗದಕೈ ಎಲ್ಲಿಡ್ತೀರಿ?"

"ಬಾಲಯೇಸುವಿನ ಬೊಂಬೆ ಕೆಳಗೆ."

"ಯಾರ್ಯಾರಿಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಅಂತ ಕೇಳು, ಬೇಗ ಮುಗಿಯುತ್ತೆ."

"ಕಳೆದ ವಾರ ಈ ಪುಸ್ತಕ ಯಾರು ನೋಡಿದ್ರು?"

"ಗುರುವಾರ ಫ್ಲೋರಿ ಬಂದಿದ್ದ. ಮಾರ್ಲೀನ್ ಹೇಳಿಕಳಿಸಿದ್ಲಂತೆ, ಅಜ್ಜನ ಹೆಸರು ಯಾವ ಪುಟದಲ್ಲಿದೆ ನೋಡಿಡು ಅಂತ. ತೆಗೆದುಕೊಟ್ಟು ಒಳಗೆ ಹೋದೆ. ವಾಪಸ್ ಬಂದಾಗ, ಸಿಗಲಿಲ್ಲ ಅಂದ. ಎದ್ದು ಹೊರಟೇಹೋದ. ಟೀ ಕುಡೀಲಿಲ್ಲ."

"ಕುಡೀಲಿಲ್ವಾ?"

"ಬ್ರೆಡ್ಡನ್ನೂ ಮುಟ್ಟಲಿಲ್ಲ ಕಣೇ! ಮೂರು ತುಂಡು ತಿನ್ನದೆ ಏಳೋ ಗಂಡಸಲ್ಲ ಅವನು. ಹುಷಾರಿಲ್ವೇನೋ ಅಂದ್ಕೊಂಡೆ. ಭಾನುವಾರ ಪೂಜೆ ಹೊತ್ತಲ್ಲಿ ಮನೇಲಿ ಯಾರೂ ಇರಲಿಲ್ಲ. ಇವತ್ತು ನೋಡಿದ್ರೆ ಪುಸ್ತಕ ಮಾಯ."

ಬ್ರೆಡಾ ಇದನ್ನು ಬರೆದುಕೊಂಡಳು. ಟೂಮಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಮಾರ್ಲೀನ್‌ಗೆ ಪೌರತ್ವ ಸಿಗಲಿ ಎಂದು ಎಲ್ಲರಿಗಿಂತ ಹೆಚ್ಚಾಗಿ ಆಸೆಪಟ್ಟವನು ಫ್ಲೋರಿ. ಪುಸ್ತಕ ಮಾಯವಾದರೆ ಅವನಿಗೆ ನಷ್ಟವೇ ಹೊರತು ಲಾಭವೇನು?

ಮಂಗಳವಾರ ಟೂಮಿ ಫಾದರ್ ಅವರನ್ನು ಮತ್ತೆ ಕೇಳಿದ. "ಒಂದೊಂದು ಮಗುವಿನ ಹೆಸರಿನ ಮುಂದೆ ಏನೇನು ಬರೆದಿರುತ್ತೆ?"

"ಅಪ್ಪ ಅಮ್ಮನ ಹೆಸರು, ಸಾಕ್ಷಿ ನಿಂತವರ ಹೆಸರು. ಆಮೇಲೆ ಅಂಚಿನಲ್ಲಿ ಮದುವೆ."

"ಮದುವೆ ಯಾಕೆ?"

"1908ರಲ್ಲಿ ರೋಮ್ ಮಾಡಿದ ನಿಯಮ. ಯಾವ ದೇಶದಲ್ಲೇ ಮದುವೆಯಾಗಲಿ, ಮಾಡಿಸಿದ ಗುರು ಜ್ಞಾನಸ್ನಾನ ಆದ ಊರಿಗೆ ಬರೆದು ತಿಳಿಸಬೇಕು. ಇಲ್ಲಿಯವರು ಅದನ್ನ ಆ ಹೆಸರಿನ ಪಕ್ಕದಲ್ಲೇ ಗುರುತು ಹಾಕ್ತಾರೆ."

"ಆ ವರ್ಷಗಳಲ್ಲಿ ಪ್ಯಾಟ್ರಿಕ್ ಮಗ ಮರ್ಟಿ ಹ್ಯಾರಿಂಗ್ಟನ್ ಅಂತ ಒಬ್ಬನೇ ಇದ್ದನಾ?"

ಫಾದರ್ ನಕ್ಕುಬಿಟ್ಟರು. "ನಮ್ಮೂರಲ್ಲಿ? ಒಬ್ಬನೇ?"

ಡೆರಿಕ್ರೋನ್‌ನಲ್ಲಿ ಕಲ್ಲೆಸೆದರೆ ಹ್ಯಾರಿಂಗ್ಟನ್ನನಿಗೆ ಬೀಳುತ್ತದೆ. ಅದಕ್ಕೇ ಮನೆತನಕ್ಕೊಂದು ಅಡ್ಡಹೆಸರು. ಫ್ಲೋರಿಯದು ಕೆಂಚ ಹ್ಯಾರಿಂಗ್ಟನ್ನರ ಮನೆ. ಹಳ್ಳದಾಚೆ ಇರುವವರು ಗಿಡ್ಡ ಹ್ಯಾರಿಂಗ್ಟನ್ನರು. ಅವರಲ್ಲಿ ಆರಡಿಗೆ ಕಡಿಮೆ ಇರುವ ಗಂಡಸಿಲ್ಲ, ಆದರೂ ಯಾವ ಕಾಲದಲ್ಲೋ ಬಿದ್ದ ಹೆಸರು ಹೋಗುವುದುಂಟೆ! ಗಿಡ್ಡರ ಮನೆಯಿಂದ ಅಮೆರಿಕಕ್ಕೆ ಆರು ಜನ ಹೋಗಿದ್ದರು. ಯಾರ ಮೊಮ್ಮಕ್ಕಳು ಎಲ್ಲಿದ್ದಾರೆ ಎಂದು ಅವರು ತಲೆಕೆಡಿಸಿಕೊಂಡವರಲ್ಲ.

ಅದೇ ದಿನ ಸಂಜೆ 5.20ಕ್ಕೆ ಟೂಮಿ ಬ್ಯೂಟ್‌ನ ಚರ್ಚಿಗೆ ಫೋನ್ ಮಾಡಿ, ಮಾರ್ಲೀನ್‌ಳ ಅಜ್ಜನ ಮದುವೆಯ ದಾಖಲೆ ಕೇಳಿದ. ಅಲ್ಲಿನ ಹೆಂಗಸೊಬ್ಬರು ಹುಡುಕಿ ಹೇಳಲು ಎರಡು ದಿನ ಕೇಳಿದರು. ಗುರುವಾರ ಸಂಜೆ ಅವರೇ ಫೋನ್ ಮಾಡಿ ಓದಿದರು: "1914, ಮದುವೆ. ಮರ್ಟಿ ಹ್ಯಾರಿಂಗ್ಟನ್, ಊರು ಡೆರಿಕ್ರೋನ್. ತಂದೆ ಪ್ಯಾಟ್ರಿಕ್, ತಾಯಿ ಜೊಹಾನ್ನಾ ಶೇ."

ಟೂಮಿ ಫೋನಿಟ್ಟು ಬ್ರೆಡಾಳ ಕಡೆ ತಿರುಗಿದ. "ಫ್ಲೋರಿಯಣ್ಣನ ಅಜ್ಜಿ ಹೆಸರೇನು?"

"ಎಲೆನ್ ಲೌನಿ. ಗೋರಿ ಕಲ್ಲಿನ ಮೇಲಿದೆಯಲ್ಲ ಸಾರ್. ಜೊಹಾನ್ನಾ ಶೇ ಗಿಡ್ಡರ ಮನೆ ಸೊಸೆ."

ಟೂಮಿ ಎರಡು ಹೆಸರನ್ನೂ ಡೈರಿಯಲ್ಲಿ ಬರೆದ: ಮಾರ್ಲೀನ್ ಗಿಡ್ಡರ ಮನೆಯವಳು. ಬ್ರೆಡಾ, "ಅಯ್ಯೋ ಪಾಪ," ಎಂದಳು.

ಜುಲೈ 13, ಶುಕ್ರವಾರ ಬೆಳಿಗ್ಗೆ 11.15ಕ್ಕೆ ಶೋಧನಾ ವಾರಂಟ್ ಹಿಡಿದು ಇಬ್ಬರೂ ಫ್ಲೋರಿಯ ಮನೆಗೆ ಹೋದರು. ಅವನು ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಮುಖದ ಮೇಲೆಲ್ಲ ಸುಣ್ಣದ ಹನಿ.

"ನಾಳೆ ಮಾರ್ಲೀನ್ ಬರ್ತಾಳೆ," ಎಂದ ಕೇಳುವ ಮೊದಲೇ.

"ಗೊತ್ತು, ಫ್ಲೋರಿಯಣ್ಣ. ಪುಸ್ತಕ ಎಲ್ಲಿದೆ?"

"ಯಾವ ಪುಸ್ತಕ?"

"ಬ್ಯೂಟ್‌ಗೆ ಫೋನ್ ಮಾಡಿದ್ದೆ. ಅವಳ ಮುತ್ತಜ್ಜಿ ಜೊಹಾನ್ನಾ ಶೇ."

ಫ್ಲೋರಿ ಕುಂಚವನ್ನು ಬಕೆಟ್ಟಿನ ಅಂಚಿನ ಮೇಲೆ ಮೆಲ್ಲಗೆ ಇಟ್ಟ. "ಅಲ್ಲೂ ಬರೆದಿಟ್ಟಿದ್ದಾರಾ?"

"ಎರಡೂ ಕಡೆ ಬರೀತಾರೆ."

"ಹಾಗಾದ್ರೆ ನಾನು ತಂದಿದ್ದೂ ದಂಡ," ಎಂದು ಅವನು ಒಳಗೆ ನಡೆದ.

ಮಾರ್ಲೀನ್‌ಗೆಂದು ಹಾಸಿಟ್ಟ ಕೋಣೆಯ ಬೀರುವಿನಲ್ಲಿ, ಇಸ್ತ್ರಿ ಮಾಡಿದ ಮೇಜುಬಟ್ಟೆಯಲ್ಲಿ ಸುತ್ತಿ ಪುಸ್ತಕ ಇಟ್ಟಿದ್ದ. ಬ್ರೆಡಾ ಪುಟ ಎಣಿಸಿದಳು. ಒಂದನ್ನೂ ಹರಿದಿರಲಿಲ್ಲ. 1891ರ ಪುಟದಲ್ಲಿ ಇಬ್ಬರು ಮರ್ಟಿಗಳು, ನಾಲ್ಕು ಸಾಲಿನ ಅಂತರದಲ್ಲಿ. ಗಿಡ್ಡರ ಮರ್ಟಿಯ ಪಕ್ಕದಲ್ಲಿ ಬ್ಯೂಟ್‌ನ ಮದುವೆಯ ಗುರುತಿತ್ತು. ಕೆಂಚರ ಮರ್ಟಿಯ ಪಕ್ಕದಲ್ಲಿ ಏನೂ ಇರಲಿಲ್ಲ.

"ಸುಟ್ಟು ಹಾಕಬಹುದಿತ್ತಲ್ಲ?" ಎಂದು ಟೂಮಿ ಕೇಳಿದ.

"ನಮ್ಮಮ್ಮನ ಹೆಸರೂ ಅದರಲ್ಲೇ ಇದೆ."

11.50ಕ್ಕೆ ಫ್ಲೋರಿಯನ್ನು ಬಂಧಿಸಲಾಯಿತು. ಠಾಣೆಯಲ್ಲಿ ಅವನ ಹೇಳಿಕೆ ಬರೆದುಕೊಂಡರು. ತನಗೆ ಬೇಕಿದ್ದದ್ದು ಈ ಒಂದು ಬೇಸಿಗೆ ಮಾತ್ರ, ಅವಳು ವಾಪಸು ಹೋದ ಮೇಲೆ ಪುಸ್ತಕವನ್ನು ಕಪಾಟಿನಲ್ಲೇ ಇಡುತ್ತಿದ್ದೆ ಎಂದ. ಓದಿ ಹೇಳಿ, ತಿದ್ದುವುದಿದೆಯೇ ಎಂದು ಕೇಳಿದಾಗ ಒಂದೇ ಕಡೆ ಬೆರಳಿಟ್ಟ.

"ಹನ್ನೊಂದು ಬೇಸಿಗೆ ನಮ್ಮ ಮನೇಲಿ ಇದ್ಲು ಅಂತ ಬರೆದಿದ್ದೀರಿ. ಹತ್ತು. ಈ ವರ್ಷ ಇನ್ನೂ ಬಂದಿಲ್ಲ."

ಟೂಮಿ ತಿದ್ದಿದ. ಜಾಮೀನಿನ ಮೇಲೆ ಮಧ್ಯಾಹ್ನವೇ ಬಿಟ್ಟರು.

ಶನಿವಾರ ಮಾರ್ಲೀನ್ ಠಾಣೆಗೆ ಬಂದಳು. ಟೂಮಿ ಪುಟ ತೆರೆದು ತೋರಿಸಿದ. ಅವಳು ಎರಡೂ ಸಾಲನ್ನು ಓದಿ ಸಿಟ್ಟಿನಿಂದ ಅತ್ತಳು.

"ನನಗೇ ಹೇಳಬಹುದಿತ್ತಲ್ಲ! ನಾನೇನು ರಕ್ತ ಪರೀಕ್ಷೆ ಮಾಡಿಸ್ಕೊಂಡು ಅವನ ಮನೆಗೆ ಬರ್ತಿದ್ನಾ?"

"ಅವನಿಗೆ ಹಾಗನಿಸಲಿಲ್ಲ."

"ಅವನ ಮರ್ಟಿ? ಅವನೇನಾದ?"

"ಯಾರಿಗೂ ಗೊತ್ತಿಲ್ಲ."

ಆ ಸಲ ಅವಳು ಗಿಡ್ಡರ ಮನೆಯಲ್ಲಿ ಇಳಿದುಕೊಂಡಳು. ಸುಣ್ಣ ಬಳಿದ ಮನೆಯ ಬಾಗಿಲಿಗೆ ಒಂದೇ ಒಂದು ಸಲ ಹೋಗಿ, ಅರ್ಧ ಗಂಟೆ ಕೂತು ಬಂದಳಂತೆ. ಅವಳಿಗೆ ಪ್ರಮಾಣಪತ್ರ ಸಿಕ್ಕಿತು. ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಫ್ಲೋರಿಗೆ ಎಚ್ಚರಿಕೆ ಕೊಟ್ಟು ಕಳಿಸಿದರು. ಪ್ರಕರಣ ಮುಗಿಯಿತು.

ನವೆಂಬರ್ 22ರಂದು ಫ್ಲೋರಿ ತಾನಾಗಿ ಠಾಣೆಗೆ ಬಂದು, ಬ್ಯೂಟ್‌ನಿಂದ ಬಂದ ಕಾಗದವನ್ನು ಮೇಜಿನ ಮೇಲಿಟ್ಟ. ನಾಲ್ಕು ತಿಂಗಳಿನಿಂದ ಮಾರ್ಲೀನ್ ಅಲ್ಲಿನ ಚರ್ಚು, ಸ್ಮಶಾನ, ಗಣಿ ಕಚೇರಿಯ ಪುಸ್ತಕಗಳನ್ನೆಲ್ಲ ಜಾಲಾಡಿದ್ದಳು. ಟೂಮಿ ಓದಿದ: ಮರ್ಟಿ ಹ್ಯಾರಿಂಗ್ಟನ್, ತಾಯಿ ಎಲೆನ್ ಲೌನಿ, ವಯಸ್ಸು ಹತ್ತೊಂಬತ್ತು. ಗಣಿಯಲ್ಲಿ ಬಂಡೆ ಕುಸಿದು ಸಾವು. ಕೆಲಸಕ್ಕೆ ಸೇರಿ ಒಂಬತ್ತನೇ ದಿನ.

"ಅಪ್ಪ ಸಾಯೋವರೆಗೂ ತನ್ನ ತಮ್ಮನನ್ನ ಬೈತಾನೇ ಇದ್ದ," ಎಂದ ಫ್ಲೋರಿ. "ದೊಡ್ಡ ಮನುಷ್ಯ ಆಗ್ಬಿಟ್ಟ, ನಮ್ಮನ್ನ ಮರೆತ ಅಂತ. ಕ್ರಿಸ್ಮಸ್ ದಿನಾನೂ ಊಟಕ್ಕೆ ಕೂತು ಬೈಯೋನು. ನಲವತ್ತು ವರ್ಷ, ಸಾರ್ಜೆಂಟ್ರೇ! ಆ ಹುಡುಗ ಒಂಬತ್ತೇ ದಿನ ಬದುಕಿದ್ದ. ಇದನ್ನ ನಾನೀಗ ಯಾರಿಗೆ ಹೋಗಿ ಹೇಳಲಿ?"