ತುಳುಕದ ಬಶಿ

ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು.

ಅಣ್ಣಾಸಾಬ ಮಾಸ್ತರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ತೆಂಗಿನ ಚಿಪ್ಪಿನ ಕೆಳಗೆ ಇಲ್ಲ. ಮಣ್ಣಿನ ಬಿಲದಲ್ಲೂ ಇಲ್ಲ. ಅಂಗೈಯಗಲದ, ಮೈತುಂಬ ಕೂದಲಿನ ಆ ಜೇಡ ಎಲ್ಲೂ ಇರಲಿಲ್ಲ. ಪಕ್ಕದ ಎರಡು ಪೆಟ್ಟಿಗೆಗಳಲ್ಲಿ ಚಿಕ್ಕವೆರಡು ತಮ್ಮ ಪಾಡಿಗೆ ಕುಳಿತಿದ್ದವು.

೧೯೯೧ರ ಭಾದ್ರಪದ. ಬೆಳಿಗ್ಗೆ ಎಂಟು ಗಂಟೆ. ಸದಲಗಾದಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರು ಅವನ್ನು ಟಾರಂಟುಲಾ ಎನ್ನುತ್ತಿದ್ದರು. ಮನೆಗೆಲಸದ ಸುಂದ್ರವ್ವನಿಗೆ ಮಾತ್ರ ಕಾಣೆಯಾದದ್ದು ಬರೀ ‘ದೊಡ್ಡಾಕಿ’. ಆರು ವರ್ಷಗಳಿಂದ ದಿನವೂ ಆರೂವರೆಗೆ ಅವುಗಳ ನೀರಿನ ಬಶಿ ಎಂಬ ಪುಟ್ಟ ಮಣ್ಣಿನ ತಟ್ಟೆ ಬದಲಿಸುವವಳು ಅವಳೇ.

“ಮುಚ್ಚಳಾ ಹಾಕಿದ್ದೆಲ್ಲವ್ವಾ?” ಮಾಸ್ತರು ಮೆಲ್ಲಗೆ ಕೇಳಿದರು.

“ಹಾಕೀನ್ರಿ.”

ಗೋಡೆಯಾಚೆಯಿಂದ ನೆರೆಮನೆಯ ಅಕ್ಕವ್ವ ಇಣುಕಿದಳು. “ಹಾಕಿದ್ರ ಅದೇನ ರೆಕ್ಕಿ ಬಡದು ಹಾರಿ ಹೋತೇನ? ಮನ್ಯಾಗ ಹಸುಗೂಸ ಮಲಗೇತಿ ನಮ್ದು.”

ಅರ್ಧ ಗಂಟೆಯಲ್ಲಿ ಓಣಿ ಸೇರಿತು. ತೀರ್ಮಾನವೂ ಆಯಿತು. ಸಂಜೆಯೊಳಗೆ ಜೇಡ ಸಿಗದಿದ್ದರೆ ಉಳಿದೆರಡಕ್ಕೂ ಚಿಮಣಿ ಎಣ್ಣೆ ಹಾಕಿ ಸುಡುವುದು. ಮುಚ್ಚಳ ತೆರೆದಿಟ್ಟ ಸುಂದ್ರವ್ವನನ್ನು ಇನ್ನು ಯಾರೂ ಮನೆಯ ಹೊಸ್ತಿಲು ದಾಟಿಸಬಾರದು.

ಸುಂದ್ರವ್ವ ತಂಬಿಗೆಯನ್ನು ಸೆರಗಿನಿಂದ ಒರೆಸುತ್ತಲೇ ನಿಂತಳು. ತಂಬಿಗೆ ಆಗಲೇ ಒಣಗಿತ್ತು.

* * *

ಹವಾಲ್ದಾರ ಕಾಡಸಿದ್ದ ಸೈಕಲ್ ನಿಲ್ಲಿಸಿದಾಗ ಹತ್ತು ಗಂಟೆ. ಜೇಡ ಕಾಣೆಯಾದ ದೂರು ಕೇಳಿ ಠಾಣೆಯಲ್ಲಿ ಎಲ್ಲರೂ ನಕ್ಕಿದ್ದರು. ಅವನು ನಗಲಿಲ್ಲ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

ಮುಚ್ಚಳದ ಚಿಲಕ ಹಾಕಿಯೇ ಇತ್ತು; ಬೆಳಿಗ್ಗೆಯಿಂದ ಹೆದರಿ ಯಾರೂ ಅದನ್ನು ಮುಟ್ಟಿರಲಿಲ್ಲ. ಒಳಗೆ ಒಣ ಮಣ್ಣು. ಒಂದು ಮೂಲೆಯಲ್ಲಿ ದುಂಡನೆಯ ಗುರುತು.

“ಇಲ್ಲೇನಿತ್ತು?”

“ನೀರಿನ ಬಶಿ ರೀ,” ಎಂದಳು ಸುಂದ್ರವ್ವ. “ಅದೂ ಇಲ್ಲ.”

“ದಿನಾ ಎಷ್ಟ ನೀರ ಹಾಕ್ತಿ?”

“ಅಂಚಿನ ಮಟಾ. ಇಂಥಾ ಬಶಿ ಮಾಡಾಕ ಕುಂಬಾರಗ ಮೂರ ಸಲ ಹೇಳೀನ್ರಿ. ಆಳ ಇದ್ರ ಅದು ತಿನ್ನೂ ಹುಳಾ ಮುಳಗತಾವ. ಅದಕ್ಕ ನಡುವ ಒಂದ ಹೊಳಿ ಹರಳ ಇಡತೀನಿ. ಸಾಬಾಣ ಮುಟ್ಟಸೂದಿಲ್ಲ. ಕುದಿಯೂ ನೀರಾಗ ತೊಳದ, ಬಿಸಲಿಗಿ ಇಡತೀನಿ.”

ಕಾಡಸಿದ್ದ ಚಿಕ್ಕ ಜೇಡವೊಂದರ ಬಶಿ ನೋಡಿದ. ನೀರು ಗಾಜಿನಷ್ಟು ತಿಳಿ. ನಡುವೆ ದೂಧಗಂಗೆ ಹೊಳೆಯ ಕರಿ ಹರಳು. ಅಂಚಿನಲ್ಲಿ ಒಂದು ಕಲೆಯಿಲ್ಲ.

“ನಮ್ಮ ಠಾಣೇದ ಕುಡಿಯೂ ನೀರ ಇದರ ಮುಂದ ಏನೂ ಅಲ್ಲ ಬಿಡು,” ಎಂದ.

ಮಾಸ್ತರು ಹಿಂಜರಿಯುತ್ತ ಇನ್ನೊಂದು ವಿಷಯ ಹೇಳಿದರು. ಭಾನುವಾರ ಕೊಲ್ಲಾಪುರದ ಕಾಲೇಜಿನವರು ಬಂದು ದೊಡ್ಡಾಕಿಯನ್ನು ಒಯ್ಯುವವರಿದ್ದರು. ಹುಡುಗರಿಗೆ ತೋರಿಸಲು ಸ್ಪಿರಿಟ್ ಬಾಟಲಿಯಲ್ಲಿ ಇಡುತ್ತಾರಂತೆ. ಕಾಗದ ಬಂದಾಗ ಸುಂದ್ರವ್ವ ಇದ್ದಳು. ಹಿಂದಿನ ಖೋಲಿಯಲ್ಲಿ ಬಾಡಿಗೆಗಿರುವ ಪಾರಿಸನೂ ಇದ್ದ. ಅವನು ದವಾಖಾನೆಯಲ್ಲಿ ಕಂಪೌಂಡರ್.

ಹವಾಲ್ದಾರ ಸುಂದ್ರವ್ವನ ಕಡೆ ತಿರುಗಿದ. “ಅದರ ಮ್ಯಾಲ ಪ್ರೀತಿ ಬಂದ ನೀನ ಮುಚ್ಚಿ ಇಟ್ಟಿಯೇನವ್ವಾ?”

“ನಾ ಒಯ್ದಿದ್ರ ಬಶಿ ಯಾಕ ಒಯ್ಯಲ್ರಿ ಸಾಹೇಬ್ರ? ಇನ್ನ ಮೂರ ಬಶಿ ಮಾಳಿಗಿ ಮ್ಯಾಲ ಒಣಗಾಕತ್ತಾವ.”

ಕಾಡಸಿದ್ದ ಮಾಳಿಗೆ ಹತ್ತಿ ಬಂದ. ಮೂರು ಬಶಿ, ಮೂರು ಹರಳು. ಇಳಿದು ಬರುವಾಗ ಅವನ ಮುಖದಲ್ಲಿ ಮೊದಲ ಸಲ ನಗುವಿತ್ತು.

* * *

ಅವನು ಅಕ್ಕವ್ವನ ಮನೆಗೆ ಹೋದ. ಕಟ್ಟೆಯ ಮೇಲೆ ಫಿನೈಲ್ ಬಾಟಲಿ ಇತ್ತು. ಅರ್ಧ ಖಾಲಿ.

“ಆ ಜ್ಯಾಡದ ಮ್ಯಾಲ ಸುರೀಬೇಕಂತ ತಂದಿದ್ದೆ ಖರೇ,” ಅಕ್ಕವ್ವ ಒಪ್ಪಿಕೊಂಡಳು. “ಧೈರ್ಯಾ ಆಗಲಿಲ್ಲ. ಕಡೀಕ ಬಚ್ಚಲಕ್ಕ ಹಾಕಿದೆ.”

“ಪೆಟಗಿ ಒಳಗ ಕೈ ಹಾಕ್ತಿದ್ದೇನ?”

“ಸತ್ರೂ ಇಲ್ಲ.”

ಬರುವಾಗ ಹಿತ್ತಲ ಬಾವಿಯ ಬಳಿ ನಿಂತ. ಪಾರಿಸನ ಖೋಲಿಯ ಮುಂದೆ ಹಗ್ಗ. ಹಗ್ಗದ ಮೇಲೆ ನೀರು ಸೋಸುವ ಬಿಳಿ ಅರಿವೆ. ಜೈನರ ಮನೆಯಲ್ಲಿ ಸೋಸದ ನೀರು ಮುಟ್ಟುವುದಿಲ್ಲ. ಭಾದ್ರಪದದ ಈ ಪರ್ವದ ದಿನಗಳಲ್ಲಂತೂ ಇನ್ನೂ ಬಿಗಿ. ಅದರ ಪಕ್ಕದಲ್ಲಿ ಇನ್ನೊಂದು ಅರಿವೆ. ಕರವಸ್ತ್ರಕ್ಕಿಂತ ಚಿಕ್ಕದು. ಹೊಸದು. ಇನ್ನೂ ಹಸಿ.

ಕಾಡಸಿದ್ದ ಅದನ್ನು ಮುಟ್ಟಲಿಲ್ಲ. ಬಾವಿಕಟ್ಟೆಯ ಮೇಲೆ ಕುಳಿತು ಕಾದ.

* * *

ಪಾರಿಸ ಮಧ್ಯಾಹ್ನ ಊಟಕ್ಕೆ ಬಂದ. ಹಿತ್ತಲಲ್ಲಿ ಹವಾಲ್ದಾರ, ಮಾಸ್ತರು, ಸುಂದ್ರವ್ವ. ಗೋಡೆಯ ಮೇಲೆ ಅಕ್ಕವ್ವನ ಮುಖ.

“ಕೂಡ್ರಿ ಕಂಪೌಂಡರ್,” ಎಂದ ಕಾಡಸಿದ್ದ. “ಜ್ಯಾಡ ತಾನ ಓಡಿ ಹೋಗಿದ್ರ ಚಿಲಕ ಹಾಕಿ ಹೋಗತಿದ್ದಿಲ್ಲ. ಬಶಿ ಹೊತಗೊಂಡೂ ಹೋಗತಿದ್ದಿಲ್ಲ. ಕೊಲ್ಲೂವ್ರಿಗೆ ಬಶಿ ಬೇಕಾಗಿಲ್ಲ. ಅಂದ್ರ ಒಯ್ದಾವ್ರಿಗೆ ಅದು ಬದುಕಬೇಕು.”

ಪಾರಿಸ ಚಪ್ಪಲಿ ಬಿಡುವುದನ್ನು ಮರೆತು ನಿಂತಿದ್ದ.

“ಬಶಿ ಅಂಚಿನ ಮಟಾ ತುಂಬಿತ್ತು. ಪೆಟಗ್ಯಾಗ ಮಣ್ಣ ಒಣಾ ಐತಿ. ಒಂದ ಹನಿ ತುಳುಕಿಲ್ಲ. ದಿನಾ ಔಷಧಾ ಅಳದ ಅಳದ ಬಾಟಲಿ ತುಂಬಸೂ ಕೈ ಅದು. ಸುಂದ್ರವ್ವನ ಕೈಯೂ ಅಂಥಾದ್ದೇ, ಆದ್ರ ಅಕಿಗೆ ಬಶಿಗಿ ಬರಗಾಲ ಇಲ್ಲ. ಮಾಳಿಗಿ ಮ್ಯಾಲಿನ ಬಶಿ ಗೊತ್ತಿಲ್ಲದಾವ್ರು ಒಯ್ದಾರ.”

ಅವನು ಹಗ್ಗದತ್ತ ಕೈ ತೋರಿಸಿದ.

“ದೊಡ್ಡ ಅರಿವಿ ನಿಮಗ. ಈ ಸಣ್ಣದು ಯಾರಿಗಿ?”

ಪಾರಿಸ ನೆಲ ನೋಡಿದ.

“ನಾ ಹೇಳಲ್ಯಾ? ನಿಮ್ಮ ಖೋಲ್ಯಾಗ ಬಂದ ಮ್ಯಾಲ ಅದಕ್ಕೂ ಬಶ್ಯಾಗಿನ ಸೋಸದ ನೀರ ಕೊಡಾಕ ಮನಸ್ಸ ಬರಲಿಲ್ಲ. ಹುಳಾ ತಿನ್ನೂ ಜೀವದ ನೀರು ಅಡಗಿ ಅರಿವ್ಯಾಗ ಸೋಸಾಕೂ ಮನಸ್ಸ ಬರಲಿಲ್ಲ. ಅದಕ್ಕ ಬ್ಯಾರೆ ಅರಿವಿ ಹರದ್ರಿ.”

ಪಾರಿಸ ಒಳಗೆ ಹೋಗಿ, ಬಾಯಿಗೆ ಜಾಳಿಗೆ ಬಟ್ಟೆ ಕಟ್ಟಿದ ಅಗಲ ಬಾಯಿಯ ಬರಣಿ ತಂದಿಟ್ಟ. ದೊಡ್ಡಾಕಿ ಕಾಲು ಮಡಚಿ ಕುಳಿತಿತ್ತು. ಮುಂದೆ ಬಶಿ.

“ಸ್ಪಿರಿಟ್‌ನ್ಯಾಗ ಮುಳಗಸ್ತಾರ ಅಂದ್ರು,” ಎಂದ ಪಾರಿಸ. “ಖೋಲಿ ಬಾಗಲದಾಗ ನಿಂತು ದಿನಾ ಸುಂದ್ರವ್ವನ್ನ ನೋಡತಿದ್ದೆ. ಅಷ್ಟ ಜತನದಿಂದ ನೀರ ಕೊಟ್ಟ ಬೆಳಸಿದ ಜೀವಾ. ಪರ್ವದಾಗ ಸುಮ್ಮ ಹೆಂಗ ಕೂಡ್ರಲಿ?”

“ಆ ಸುಂದ್ರವ್ವಗ ಓಣಿ ಮಂದಿ ಬಾಯಿ ಹಾಕಿದಾಗ ಎಲ್ಲಿದ್ರಿ?” ಕಾಡಸಿದ್ದ ಕೇಳಿದ.

“ದವಾಖಾನಿಗೆ ಹೋಗಿದ್ದೆ.”

“ಸುದ್ದಿ ದವಾಖಾನಿಗೂ ಬಂದಿರಬೇಕಲ್ಲ.”

“ಬಂದಿತ್ರಿ,” ಎಂದ ಪಾರಿಸ. ಆಮೇಲೆ ತಾನೇ ಓಣಿಗೆ ಹೋಗಿ, ಮುಚ್ಚಳ ತೆರೆದವನು ತಾನು, ಸುಂದ್ರವ್ವನಲ್ಲ ಎಂದು ಪ್ರತಿ ಬಾಗಿಲಿಗೂ ಹೇಳಿ ಬಂದ. ಮೊದಲ ಬಾಗಿಲು ಅಕ್ಕವ್ವನದು.

ಮಾಸ್ತರು ಕೊಲ್ಲಾಪುರದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಗೆ ಹಾಕಿದರು. “ಕೊಡೂದಿಲ್ಲ ಅಂತ ಬರೀತೀನಿ,” ಎಂದರು. ಆಮೇಲೆ ಸುಂದ್ರವ್ವನನ್ನು ನೋಡಲಾರದೆ, “ಬೆಳಿಗ್ಗೆ ನಾ ಕೇಳಬಾರದಿತ್ತವ್ವಾ,” ಎಂದರು.

ಸುಂದ್ರವ್ವ ಬರಣಿಯ ಮುಂದೆ ಕುಳಿತಿದ್ದಳು. ಅವಳ ಕಣ್ಣು ಬಶಿಯ ಮೇಲಿತ್ತು. ಪಾರಿಸ ಹರಳಿನ ಜತೆ ದವಾಖಾನೆಯ ಹತ್ತಿಯನ್ನೂ ಇಟ್ಟಿದ್ದ.

“ಹತ್ತಿ ಹಾಕಬಾರದ್ರಿ ಕಂಪೌಂಡರ್,” ಮರಳಿ ಬಂದವನಿಗೆ ಹೇಳಿದಳು. “ಒಳಗ ಕೊಳೀತೈತಿ. ಎರಡ ದಿನಕ್ಕ ನೀರ ನಾರತೈತಿ.”

ದೊಡ್ಡಾಕಿ ತನ್ನ ಪೆಟ್ಟಿಗೆ ಸೇರಿತು. ಮಾಳಿಗೆಯಿಂದ ಬಿಸಿಲು ಕಾಸಿದ ಬಶಿ ಬಂತು. ತಂಬಿಗೆ ಎತ್ತಿದ ಸುಂದ್ರವ್ವ ತಡೆದಳು. ಹಗ್ಗದ ಕಡೆ ನೋಡಿದಳು.

“ಆ ಸಣ್ಣ ಅರಿವಿ ನನಗ ಕೊಡ್ರಿ. ಸೋಸೂದೊಂದು ನನಗ ಹೊಳದಿದ್ದಿಲ್ಲ.”

ಪಾರಿಸ ಅರಿವೆಯನ್ನು ಎರಡೂ ಕೈಯಿಂದ ಬಶಿಯ ಮೇಲೆ ಹಿಡಿದ. ಅವಳು ನೀರು ಸುರಿದಳು. ಹರಳಿನ ಸುತ್ತ ನೀರು ಏರಿ ಅಂಚಿಗೆ ಬಂದು ನಿಂತಿತು.