ಮಂಚದಡಿಯ ನಲ್ಲಿಮೂಳೆ

ಹೊಸದುರ್ಗದ ಲಾಡ್ಜಿನಲ್ಲಿ ಕಸ ಗುಡಿಸಲು ಬಂದ ಸಿದ್ದಕ್ಕ ಮಂಚದಡಿಯಿಂದ ತಟ್ಟೆಯೊಂದನ್ನು ಎಳೆದವಳೇ "ಅಯ್ಯೋ ಶಿವನೇ!" ಎಂದು ಕೂಗಿಕೊಂಡಳು. ತಟ್ಟೆಯ ತುಂಬ ಮಸಾಲೆ ಮೆತ್ತಿದ ಕುರಿಯ ಮೂಳೆಗಳು!

ಕೋಣೆ ಯಾರದು ಅಂತೀರಿ? ಭಕ್ತಿಗೀತೆಯ ಪಂಚಾಕ್ಷರಪ್ಪನವರದು! ಮಾಂಸ ಬಿಡಿ, ಮದ್ಯ ಬಿಡಿ, 'ನಾನು' ಎಂಬುದನ್ನೂ ಬಿಡಿ ಎಂದು ಹಾಡಿ ಜಿಲ್ಲೆಯ ಬಸ್ಸು, ಟೀ ಅಂಗಡಿಗಳನ್ನೆಲ್ಲ ಗೆದ್ದವರು. ಅಂದು ಸಂಜೆಯೇ ಅವರ ಹೊಸ ಕ್ಯಾಸೆಟ್ಟಿನ ಬಿಡುಗಡೆ.

ನಾನು ಪರಮೇಶ್ವರಪ್ಪ, ಅವರ ಮೇಳದಲ್ಲಿ ಹಾರ್ಮೋನಿಯಂ ನುಡಿಸುವವನು. ನಾವಿಬ್ಬರೂ ವೇದಿಕೆ ನೋಡಿಕೊಂಡು ಬರುವಷ್ಟರಲ್ಲಿ ಲಾಡ್ಜಿನ ಮುಂದೆ ಜನವೋ ಜನ.

"ಮೈಕಿನ ಮುಂದೆ ಶರಣ, ಮಂಚದ ಕೆಳಗೆ ಮಟನ್ನು!" ಎಂದು ಒಬ್ಬ ಕೂಗುತ್ತಿದ್ದ. ಇನ್ನೊಬ್ಬ ಕ್ಯಾಸೆಟ್ಟಿನ ರೀಲು ಎಳೆದು ಗೇಟಿಗೆ ಸುತ್ತುತ್ತಿದ್ದ. ಸಂಜೆಯೊಳಗೆ ಸತ್ಯ ಗೊತ್ತಾಗದಿದ್ದರೆ ಕಾರ್ಯಕ್ರಮವೇ ಇಲ್ಲ ಎಂದು ಸಂಘಟಕರು ಖಡಾಖಂಡಿತವಾಗಿ ಹೇಳಿಬಿಟ್ಟರು. ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲು! ಪಂಚಾಕ್ಷರಪ್ಪ ಕಣ್ಣೊರೆಸಿಕೊಳ್ಳುವುದನ್ನು ನನ್ನಿಂದ ನೋಡಲಾಗಲಿಲ್ಲ.

ಓಡಿಹೋಗಿ ಅದೇ ಊರಲ್ಲಿರುವ ಗೆಳೆಯ ರಂಗಪ್ಪನನ್ನು ಎಳೆದುತಂದೆ. ತುರುವನೂರಿನ ಕುರಿಗಾರರ ಮಗ. ಪೊಲೀಸ್ ದಫೇದಾರನಾಗಿ ನಿವೃತ್ತನಾಗಿದ್ದಾನೆ, ಬಾಯಿ ಮಾತ್ರ ನಿವೃತ್ತವಾಗಿಲ್ಲ.

ರಂಗಪ್ಪ ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ದಪ್ಪ ಮೂಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಛೇ, ಎಂಥ ಅನ್ಯಾಯ!"

"ಅಲ್ವೇನೋ? ಇಂಥ ದೊಡ್ಡೋರ ಮೇಲೆ—"

"ಲೇ ಪರಮೇಶಿ, ನಾನು ಹೇಳಿದ್ದು ಮೂಳೆ ವಿಷ್ಯ!"

ಪಂಚಾಕ್ಷರಪ್ಪನವರ ಹಿಂದೆ ದನಿಗೂಡಿಸುವ ಮುರುಗೇಶಪ್ಪ ಬಾಗಿಲಲ್ಲಿ ನಿಂತು ನಿಟ್ಟುಸಿರಿಟ್ಟ. "ಕೇಳೋದೇನೈತ್ರಿ? ವ್ಯಾನ್ ಡ್ರೈವರ್ ಪಾಲಯ್ಯನೇ ಗುರುಗಳಿಗೆ ತಂದ್ಕೊಟ್ಟಿರ್ತಾನೆ. ಈ ಮೇಳದಾಗೆ ಮಾಂಸ ತಿನ್ನೋನು ಅವನೊಬ್ನೇ."

ಅಲ್ಲೇ ನಿಂತಿದ್ದ ಪಾಲಯ್ಯ ಸಿಡಿದುಬಿದ್ದ. "ತಿಂತೀನಿ, ಇಲ್ಲ ಅಂದ್ನಾ? ಹೋಟ್ಲಾಗೆ ರಾಜಾರೋಷವಾಗಿ ಕುಂತು ತಿಂತೀನಿ. ಇಲ್ಲಿಗ್ಯಾಕೆ ತರ್ಲಿ?"

"ತಿಂದ್ಮೇಲೆ ನಲ್ಲಿಮೂಳೆ ಏನ್ಮಾಡ್ತೀಯಪ್ಪ?" ಎಂದ ರಂಗಪ್ಪ.

"ಇದೆಂಥ ಪ್ರಶ್ನೆ ಸಾಹೇಬ್ರೆ? ಒಳಗಿನ ಮಜ್ಜೆ ಹೀರ್ತೀನಿ. ಅದಕ್ಕೇ ಅಲ್ವೇನ್ರಿ ಕೇಳಿ ಹಾಕಿಸ್ಕಳೋದು!"

ರಂಗಪ್ಪ ನಕ್ಕು ಸಿದ್ದಕ್ಕನತ್ತ ತಿರುಗಿದ. "ಅಕ್ಕಾ, ಇವತ್ತು ಬಿಸಿನೀರು ಯಾರ್ಯಾರು ಇಸ್ಕಂಡ್ರು?"

"ಬೆಳಿಗ್ಗೆ ಎಲ್ರೂ ಇಸ್ಕಂಡ್ರಣ್ಣ. ನಾನು ಕಸ ಗುಡಿಸೋಕೆ ಬರೋ ಮುಂಚೆ ಮುರುಗೇಶಪ್ಪನೋರು ಇನ್ನೊಂದು ಬಕೇಟ್ ಕೇಳಿದ್ರು."

"ಸೆಕೆ..." ಎಂದ ಮುರುಗೇಶಪ್ಪ.

"ಸೆಕೆಗೆ ಬಿಸಿನೀರಾ?"

ಮುರುಗೇಶಪ್ಪ ತಲೆ ಸವರಿಕೊಂಡ. ರಂಗಪ್ಪ ಎದ್ದು ನಿಂತ.

"ನೋಡ್ರಿ, ಈ ನಲ್ಲಿಮೂಳೇಲಿ ಮಜ್ಜೆ ತುಂಬಿದ್ದಂಗೇ ಐತೆ. ಕದ್ದು ತಿನ್ನೋಷ್ಟು ಚಪಲ ಇರೋನು ಇದನ್ನ ಬಿಡ್ತಾನಾ? ಅಂದ್ರೆ ಈ ಊಟ ಯಾರೂ ಉಂಡಿಲ್ಲ. ಹೆಂಗ್ ಉಣ್ತಾರೆ ಅಂತಾನೇ ಗೊತ್ತಿಲ್ದೋರು ತಂದಿಟ್ಟಿದ್ದು. ಪರಮೇಶಿ ಗುರುಗಳ ಜೊತೆ ವೇದಿಕೆ ಹತ್ರ ಇದ್ದ. ಈ ಬಿಸಿಲಿಗೆ ಅವನ ವಿಭೂತಿ ಕರಗಿ ಮೂಗಿಗಿಳಿದೈತೆ. ನಿಮ್ಮದು ಮಾತ್ರ ಈಗ ಇಟ್ಟಂಗೈತೆ, ತಲೇನೂ ಒದ್ದೆ. ಯಾಕ್ರಿ ಮುರುಗೇಶಪ್ಪ? ಮಾಂಸ ಮುಟ್ಟಿದ ಕೈಲಿ ಕೊರಳ ಲಿಂಗ ಮುಟ್ಟೋಕೆ ಮನಸ್ಸು ಬರ್ಲಿಲ್ಲ, ಅದ್ಕೇ ಇನ್ನೊಂದು ಸ್ನಾನ, ಅಲ್ವಾ?"

ಮುರುಗೇಶಪ್ಪ ತಲೆತಗ್ಗಿಸಿ ಕೈಮುಗಿದ. "ತಪ್ಪಾತು! ಹೋಟ್ಲಿಂದ ತಂದೆ. ತುಂಡೆಲ್ಲ ನಾಯಿಗೆ ಹಾಕಿ ಮೂಳೆ ಇಟ್ಟೆ." ತಟ್ಟನೆ ತಲೆಯೆತ್ತಿದ. "ಆದ್ರೆ ಒಂದ್ಮಾತು ಕೇಳ್ರಿ. 'ನಾನು' ಬಿಡಿ ಅಂತ ಊರಿಗೆಲ್ಲ ಹಾಡ್ತಾರಲ್ಲ? ಒಂದು ಕ್ಯಾಸೆಟ್ ಮೇಲಾದ್ರೂ ನಮ್ಮ ಹೆಸ್ರು ಐತಾ? ಎಲ್ಲದರ ಮೇಲೂ ಇವರ ಫೋಟೋನೇ!"

ನಾನು ಮೂಗಿನ ಮೇಲಿನ ವಿಭೂತಿ ಒರೆಸಿಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಹೆಸರೂ ಅದರ ಮೇಲೆ ಇರಲಿಲ್ಲ, ಆ ಬೇಜಾರು ನನಗೂ ಇತ್ತು.

ರಂಗಪ್ಪ ಸಂಘಟಕರಿಗೆ ವಿಷಯ ತಿಳಿಸಿದ. ಸಂಜೆ ಮುರುಗೇಶಪ್ಪ ವೇದಿಕೆ ಹತ್ತಿ ಎಲ್ಲರೆದುರು ತಪ್ಪೊಪ್ಪಿಕೊಂಡ. ಜನ ಗುಲ್ಲೆಬ್ಬಿಸುವ ಮೊದಲೇ ಪಂಚಾಕ್ಷರಪ್ಪ ಮೈಕು ತೆಗೆದುಕೊಂಡರು.

"ಮಾಂಸದ ಆರೋಪ ಸುಳ್ಳು ಅಂತ ಗೊತ್ತಾಯ್ತು. ಆದ್ರೆ 'ನಾನು' ಬಿಟ್ಟಿಲ್ಲ ಅನ್ನೋ ಆರೋಪ ನಿಜ. ಇವತ್ತು ಮುರುಗೇಶಪ್ಪ ಹಾಡ್ತಾನೆ, ನಾನು ಹಿಂದೆ ದನಿಗೂಡಿಸ್ತೀನಿ. ಈ ಕ್ಯಾಸೆಟ್ಟೂ ಎಲ್ಲರ ಹೆಸರು ಹಾಕಿಸಿದ ಮೇಲೇ ಅಂಗಡಿಗೆ ಹೋಗೋದು."

ಮುರುಗೇಶಪ್ಪ ಮೊದಲ ಸಾಲಿಗೇ ಗಳಗಳನೆ ಅತ್ತ. ಎರಡನೆಯ ಸಾಲನ್ನು ಹಿಂದಿನಿಂದ ಗುರುಗಳೇ ಎತ್ತಿಕೊಟ್ಟರು. ಚಪ್ಪಾಳೆಯೋ ಚಪ್ಪಾಳೆ!

ರಂಗಪ್ಪ ವೇದಿಕೆಯ ಪಕ್ಕಕ್ಕೆ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ನೀವು ಭಜನೆ ಮುಂದುವರಿಸ್ರಪ್ಪ. ಪಾಲಯ್ಯ, ನಾನು ಹೋಟ್ಲಿಗೆ ಹೋಗಿ ಬರ್ತೀವಿ. ಮಧ್ಯಾಹ್ನದಿಂದ ನಂಗೆ ಆ ನಲ್ಲಿಮೂಳೇದೇ ಧ್ಯಾನ."