ಕಾಲುವೆ ದಂಡೆಯ ಹದಿನೈದು ನಿಮಿಷ

"ಚಿಮಟ ಕೆಳಗಿಡ್ರಿ."

ಶಿವಗಂಗಾ ಬೆಚ್ಚಿಬಿದ್ದಳು. ತಟ್ಟೆಯ ಅಕ್ಕಿಯಲ್ಲಿ ನುಚ್ಚು ಬೇರೆ, ಕೆಂಪು ಕಾಳು ಬೇರೆ ಮಾಡುತ್ತ ಕೂತವಳಿಗೆ ಎದುರಿಗೆ ಯಾರು ಬಂದು ನಿಂತರೆಂಬ ಅರಿವೇ ಇರಲಿಲ್ಲ. ತಲೆ ಎತ್ತಿದರೆ, ಅಂದೇ ರಾಯಚೂರಿನಿಂದ ಬಂದು ಸೇರಿದ್ದ ಮೇಲ್ವಿಚಾರಕ ಬಸವಪ್ರಸಾದ!

"ಯಾಕ್ರಿ ಸರ್, ಏನರ ತಪ್ಪಾತೇನು?"

"ಕಣ್ಣಾಗ ನೀರು ಬರಾಕತ್ತಾವ ನಿಮಗ. ಏಳ್ರಿ. ಹದಿನೈದು ನಿಮಿಷ ಕಾಲುವಿ ದಂಡಿ ಮ್ಯಾಲೆ ಅಡ್ಡಾಡಿ ಬರ್ರಿ. ಇವತ್ತಿನಿಂದ ದಿನಾ, ಮುಂಜಾನಿ ಹನ್ನೊಂದಕ್ಕ, ಸಂಜಿ ನಾಕಕ್ಕ."

"ಲಾರಿ ನಿಂತಾವಲ್ರಿ..."

"ಅದು ನನಗ ಬಿಡ್ರಿ."

ಅವನೇ ಅವಳ ಕೈಯಿಂದ ಚಿಮಟ ತೆಗೆದುಕೊಂಡ. ಬೆರಳಿಗೆ ಬೆರಳು ತಾಗಿತು. ಶಿವಗಂಗಾಳ ಎದೆ ಢವಢವ ಅಂದಿತು. ಸಿಟ್ಟಿಗೋ, ಮತ್ತೆ ಯಾವುದಕ್ಕೋ, ಪಾಪ, ಅವಳಿಗೇ ತಿಳಿಯಲಿಲ್ಲ.

ಮಾನ್ವಿಯ ಆ ಅಕ್ಕಿ ಮಿಲ್ಲಿನಲ್ಲಿ ಅವಳದು ಎರಡು ವರ್ಷದ ಕೆಲಸ. ಲಾರಿಗೆ ತುಂಬಿದ ಅಕ್ಕಿಯ ಮಾದರಿ ಅವಳ ಮೇಜಿಗೆ ಬರಬೇಕು, ನುಚ್ಚು ಎಷ್ಟಿದೆ ಎಂದು ಅವಳು ಚೀಟಿ ಬರೆಯಬೇಕು, ಆಮೇಲೇ ಲಾರಿ ಗೇಟು ದಾಟಬೇಕು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿಸಿದ ತಲೆ ಬಗ್ಗಿಸಿದಂತೆಯೇ. ಈ ಎರಡು ವರ್ಷದಲ್ಲಿ ಅಕ್ಕಿ ಹೇಗಿದೆ ಎಂದು ಕೇಳಿದವರು ನೂರು ಮಂದಿ. ನಿನ್ನ ಕಣ್ಣು ಹೇಗಿವೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ದಂಡೆಗೆ ಜೊತೆಯಾದವಳು ಮಿಲ್ಲಿನ ಕಸ ಗುಡಿಸುವ ವೆಂಕಮ್ಮ. ಬಾಯಿಗೆ ಬೀಗವಿಲ್ಲದ ಹೆಂಗಸು.

"ಯವ್ವಾ, ಜೋರ ನಡಿ. ಕೈ ಬೀಸು. ಮದುವಿ ಹೆಣ್ಣಿನಂಗ ಹೆಜ್ಜಿ ಎಣಿಸಬ್ಯಾಡ."

ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆ, ಕಣ್ಣು ಹೋದಷ್ಟು ದೂರ ಭತ್ತದ ಹಸಿರು. ಅಂಗೈ ಅಗಲದ ತಟ್ಟೆಯನ್ನೇ ನೋಡಿ ನೋಡಿ ಸವೆದ ಕಣ್ಣು ಮೊದಲ ದಿನ ಆ ದೂರಕ್ಕೆ ಹೆದರಿದವು. ವಾರ ಕಳೆಯುವಷ್ಟರಲ್ಲಿ ಸಂಜೆಯ ತಲೆನೋವು ಹೋಯಿತು. ಎರಡು ವಾರಕ್ಕೆ ಊಟ ರುಚಿಸತೊಡಗಿತು. ಮೂರನೆಯ ವಾರಕ್ಕೆ... ಹನ್ನೊಂದಕ್ಕೂ ನಾಲ್ಕಕ್ಕೂ "ಏಳ್ರಿ" ಎನ್ನುವ ಆ ದನಿಗಾಗಿ ಅವಳು ಗಡಿಯಾರ ನೋಡತೊಡಗಿದಳು.

'ಇದೇನು ಹುಚ್ಚು ನನಗೆ?' ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ನಿಲ್ಲುವ ಹುಚ್ಚೇ ಅದು?

ಆದರೆ ಅವನ ರೀತಿಯೇ ಅರ್ಥವಾಗುತ್ತಿರಲಿಲ್ಲ. ತಾನಾಗಿಯೇ ಎಬ್ಬಿಸಿ ಕಳಿಸುತ್ತಿದ್ದ. ಅವಳು ಬಾಗಿಲಲ್ಲಿ ನಿಂತು "ಬಂದೆ ಸರ್" ಅಂದರೆ ಮಾತ್ರ ಮುಖ ತಿರುಗಿಸುತ್ತಿರಲಿಲ್ಲ. ಗೋಡೆಗೆ ಉತ್ತರ ಕೊಟ್ಟಂತೆ "ಹ್ಞೂಂ" ಎಂದು ಹೊರಗೆ ನಡೆದುಬಿಡುತ್ತಿದ್ದ. ಇಷ್ಟು ಕಾಳಜಿ ಇರುವವನಿಗೆ ಇಷ್ಟು ಸೊಕ್ಕು ಯಾಕೆ?

ಒಂದು ಸಂಜೆ ಫೋನು ಮರೆತು ಅರ್ಧ ದಾರಿಯಿಂದ ತಿರುಗಿ ಬಂದಳು. ಬಾಗಿಲಲ್ಲೇ ಕಾಲು ಕಟ್ಟಿಹಾಕಿದಂತಾಯಿತು.

ಅವನು ಅವಳ ಕುರ್ಚಿಯಲ್ಲಿ ಕೂತಿದ್ದ. ಅವಳ ತಟ್ಟೆ ಮುಂದಿತ್ತು, ಅವಳ ಚಿಮಟ ಕೈಯಲ್ಲಿತ್ತು. ಒಂದೊಂದೇ ಕಾಳು ಆರಿಸುತ್ತಿದ್ದ.

'ನನ್ನ ಕೆಲಸ ತಪಾಸಣೆ ಮಾಡಾಕತ್ತಾನ! ಅದಕ್ಕೇ ಹೊರಗ ಕಳಿಸೂದು!'

ಫೋನೂ ಬೇಡ, ಏನೂ ಬೇಡ. ಸದ್ದಿಲ್ಲದೆ ದಂಡೆಗೆ ಮರಳಿದಳು. ಅವಳ ಕೆಂಪು ಕಣ್ಣು ಕಂಡು ವೆಂಕಮ್ಮ ತಾನೇ ಹೆಜ್ಜೆ ನಿಧಾನ ಮಾಡಿದಳು.

ಅದೇ ವಾರ ರಾಯಚೂರಿನ ದೊಡ್ಡ ಮಿಲ್ಲೊಂದರಿಂದ ಶಿವಗಂಗಾಳಿಗೆ ಕರೆ ಬಂತು. ಇದೇ ಕೆಲಸ, ಶುಕ್ರವಾರ ಸಂಜೆಯೊಳಗೆ ಉತ್ತರ ಹೇಳಬೇಕು. ಅವನು ಬೇಡ ಅಂದಾನು, ಒಂದು ಮಾತಾದರೂ ತಡೆದಾನು ಎಂಬ ಆಸೆಯಿಂದಲೇ ಅವನಿಗೆ ತಿಳಿಸಿದಳು.

"ಹೋಗ್ರಿ" ಅಂದ, ಕಿಟಕಿ ನೋಡುತ್ತ. "ಚಲೋ ಜಾಗ ಅದು."

ಅಷ್ಟೇ!

ನಂಬಿಕೆ ಇಲ್ಲದಿದ್ದರೆ ಬೈಯಬಹುದಿತ್ತು. ಬೈಯಲಿಲ್ಲ. ಪ್ರೀತಿ ಇದ್ದರೆ ತಡೆಯಬಹುದಿತ್ತು. ತಡೆಯಲಿಲ್ಲ. ಹಾಗಾದರೆ ಇವನ ಮನಸ್ಸಿನಲ್ಲಿ ಇರುವುದಾದರೂ ಏನು? ಅದನ್ನು ತಿಳಿಯದೆ ಮಾನ್ವಿ ಬಿಟ್ಟು ಹೋಗುವುದು ಹೇಗೆ? ಮೂರು ದಿನ ಅನ್ನ ಸೇರಲಿಲ್ಲ.

ಶುಕ್ರವಾರ ನಾಲ್ಕು ಗಂಟೆ. ಅವಳು ಮಿಲ್ಲಿನ ಗೇಟಿಗೆ ಬಂದಾಗ ಲಾರಿ ಡ್ರೈವರ್ ಜಿಲಾನಿ ಪಾಷಾ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದ.

"ಬೆಹೆನ್, ರಾಯಚೂರಿಗೆ ಹೊಂಟೀರಂತ, ಖರೇನಾ? ಇನ್ನ ನಮ್ಮ ಸಾಹೇಬ್ರಿಗೆ ಸ್ವಲ್ಪ ಆರಾಮ ಬಿಡ್ರಿ."

"ಅಂದ್ರ?"

"ನೀವು ಅಡ್ಡಾಡಾಕ ಹೋದಾಗ ಬರೋ ಲಾರಿ ಅಕ್ಕಿ ಯಾರು ನೋಡ್ತಾರ ಅಂದ್ಕೊಂಡೀರಿ? ಅವರೇ ನಿಮ್ಮ ಮೇಜಿಗೆ ಕುಂತು ಆರಿಸ್ತಾರ. 'ಹುಡುಗಿನ್ನ ಹೊರಗ ಕಳಸು, ಆದ್ರ ಒಂದು ಲಾರಿನೂ ತಡ ಆಗಬಾರದು' ಅಂತ ಮಿಲ್ಲಿನ ಸಾವ್ಕಾರ್ರು ಅವರಿಗೆ ಷರತ್ತು ಹಾಕ್ಯಾರ. ನಾ ಅಲ್ಲೇ ನಿಂತಿದ್ನಿ."

ಶಿವಗಂಗಾ ತನ್ನ ಖೋಲಿಯ ಕಡೆ ತಿರುಗಿ ನೋಡಿದಳು.

"ಮೊದಲೇ ಅವರ ಕುತ್ತಿಗಿ ನೆಟ್ಟಗಿಲ್ಲ" ಎಂದು ಪಾಷಾ ಮುಂದುವರಿಸಿದ. "ರಾಯಚೂರಾಗ ಒಂದು ಸಣ್ಣ ಮಿಲ್ಲಿನಾಗ ಎಂಟು ವರ್ಷ ಒಬ್ಬರೇ ಇದೇ ಕೆಲಸ, ಒಂದು ದಿನ ಎದ್ದು ಹೊರಗ ಹೋಗಲಿಲ್ಲ. ಈಗ ಆ ಕಡಿ ಈ ಕಡಿ ತಿರುಗಂಗಿಲ್ಲ. ಕರೆದ್ರ ಮೈಯೆಲ್ಲಾ ತಿರುಗಿಸಿ ನೋಡಬೇಕು, ಪಾಪ."

ಸೊಕ್ಕಲ್ಲ... ಅನುಮಾನವೂ ಅಲ್ಲ... ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ತನ್ನದೂ ಅದೇ ಕಥೆ. ಅವಳು ದಂಡೆಯ ದಾರಿ ಬಿಟ್ಟು ಒಳಗೆ ಓಡಿದಳು.

ಅವನು ಅವಳ ಮೇಜಿಗೆ ಬಗ್ಗಿ ಕೂತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

"ನನಗ ಯಾಕ ಹೇಳಲಿಲ್ರಿ?"

ಬಸವಪ್ರಸಾದ ಗಾಬರಿಯಾದ. "ಹೇಳಿದ್ರ ನೀವು ಹೊರಗ ಹೋಗ್ತಿದ್ದಿಲ್ಲ."

"ಮತ್ತ ರಾಯಚೂರಿಗೆ ಹೋಗು ಅಂದಿದ್ದು?"

"ಅಲ್ಲಿ ಈ ಕೆಲಸಕ್ಕ ಮೂರು ಮಂದಿ ಅದಾರ. ಒಬ್ಬರು ಎದ್ದು ಹೋದ್ರೂ ನಡೀತದ. ಇಲ್ಲೇ ಇದ್ರ ನಿಮಗೂ ನನ್ನಂಗ ಆಗತದ." ಚಿಮಟ ತಟ್ಟೆಯಲ್ಲಿಟ್ಟ. "ನೀವು ಇಲ್ಲದ ಈ ಖೋಲ್ಯಾಗ ಹ್ಯಾಂಗ ಕುಂದ್ರಬೇಕೋ ನನಗ ಗೊತ್ತಿಲ್ಲ. ಆದ್ರ ಇರ್ರಿ ಅಂತ ಯಾವ ಬಾಯಿಂದ ಹೇಳ್ಲಿ?"

ಶಿವಗಂಗಾ ಅತ್ತೇಬಿಟ್ಟಳು. ಇಷ್ಟು ದಿನ ಗಂಟುಗಂಟಾಗಿದ್ದ ಮನಸ್ಸು ಒಮ್ಮೆಲೇ ಸಡಿಲಾಯಿತು. ಅವಳಿಗೆ ಅವನು ಬೇಕು, ಅವನಿಗೂ ಅವಳು ಬೇಕು. ತಿಳಿಯಬೇಕಾಗಿದ್ದು ಇಷ್ಟೇ.

ಕಣ್ಣೊರೆಸಿಕೊಂಡು ಫೋನು ತೆಗೆದಳು. ಅವನ ಎದುರಿಗೇ ರಾಯಚೂರಿಗೆ ಕರೆ ಮಾಡಿದಳು.

"ನಾ ಶಿವಗಂಗಾ ಮಾತಾಡಾಕತ್ತೀನ್ರಿ. ಹ್ಞಾಂ... ಒಂದನೇ ತಾರೀಖಿಗೆ ಬಂದು ಸೇರ್ತೀನಿ."

ಬಸವಪ್ರಸಾದ ತಲೆ ತಗ್ಗಿಸಿದ. ತಾನೇ ಹೋಗು ಅಂದವನು, ಆದರೂ ಮುಖ ಬಾಡಿತು.

"ನಡೀರಿ, ಸಾವ್ಕಾರ್ರ ಹತ್ರ ಹೋಗೋಣು" ಅಂದಳು ಶಿವಗಂಗಾ.

"ಯಾಕ?"

"ನಾ ಇಲ್ಲೇ ಇದ್ರ ನೀವು ನನ್ನ ಸಲುವಾಗಿ ಬಗ್ಗಿ ಕುಂದ್ರೂದು ಬಿಡಂಗಿಲ್ಲ. ನನ್ನ ಜಾಗಕ್ಕ ಇಬ್ಬರನ್ನ ತಗೋಬೇಕು ಅಂತ ಹೇಳಾಕ. ಹನ್ನೊಂದಕ್ಕ, ನಾಕಕ್ಕ ನೀವೂ ದಂಡಿ ಮ್ಯಾಲೆ ಇರಬೇಕು. ಅವರು ಒಪ್ಪಲಿಲ್ಲ ಅಂದ್ರ ನಿಮಗೂ ರಾಯಚೂರಾಗ ಕೆಲಸ ಹುಡುಕ್ತೀನಿ. ಕುತ್ತಿಗಿಗೆ ಡಾಕ್ಟರನ್ನೂ ಹುಡುಕ್ತೀನಿ."

"ಇಷ್ಟೆಲ್ಲಾ ಯಾಕ ಮಾಡ್ತೀರಿ ನೀವು?"

"ಯಾಕಂತ ಖರೇನ ತಿಳೀಲಿಲ್ಲ ನಿಮಗ?"

ಅವನು ಕುರ್ಚಿಯಿಂದ ಎದ್ದು ಅವಳ ಹತ್ತಿರ ಬಂದ. ಅವಳ ಕೈ ಹಿಡಿದ. ಅವಳೂ ಬಿಡಿಸಿಕೊಳ್ಳಲಿಲ್ಲ.

"ಭಾನುವಾರ ನಮ್ಮೂರು ಮಸರಕಲ್‌ಗೆ ಬರ್ರಿ" ಅಂದಳು ಮೆಲ್ಲಗೆ. "ನಮ್ಮಪ್ಪ ನಿಮ್ಮನ್ನ ನೋಡಬೇಕಲ್ಲ."

"ನಿಮ್ಮಪ್ಪ ಏನರ ಕೇಳಿದ್ರ ಏನು ಹೇಳ್ಲಿ?"

"ನಾ ಇಲ್ಲದ ಖೋಲ್ಯಾಗ ಹ್ಯಾಂಗ ಕುಂದ್ರಬೇಕೋ ಗೊತ್ತಿಲ್ಲ ಅಂದ್ರಲ್ಲ, ಅದೊಂದು ಮಾತ್ರ ಹೇಳಬ್ಯಾಡ್ರಿ. ನಾಚಿಕಿ ಬರತದ ನನಗ. ಉಳಿದದ್ದೆಲ್ಲಾ ನಾ ಹೇಳ್ತೀನಿ."